ಆಟದ ಮೈದಾನದಲ್ಲೊಂದು ವೈದ್ಯಕೀಯ ವೃತ್ತಿ: ಅಥ್ಲೆಟಿಕ್ ಟ್ರೇನಿಂಗ್ ಓದಬೇಕೆನ್ನುವವರಿಗೆ

ಬಿಪಿಟಿ (ಫಿಸಿಯೊಥೆರಪಿ ಪದವಿ) ಮುಗಿಸುವ ಹೊತ್ತಿಗೋ ಬಿ.ಎಸ್ಸಿ. ಕೊನೆಯ ವರ್ಷದಲ್ಲೋ, ಆಟದ ಮೇಲೆ ಜೀವ ಇಟ್ಟುಕೊಂಡಿರುವ ಎಷ್ಟೋ ಹುಡುಗ ಹುಡುಗಿಯರ ಕಣ್ಣಿಗೆ ಅಮೆರಿಕದ ವಿಶ್ವವಿದ್ಯಾಲಯಗಳ ‘ಮಾಸ್ಟರ್ ಆಫ್ ಸೈನ್ಸ್ ಇನ್ ಅಥ್ಲೆಟಿಕ್ ಟ್ರೇನಿಂಗ್’ ಕೋರ್ಸು ಬೀಳುತ್ತದೆ. ಎರಡು ವರ್ಷದ ಓದು, ತಂಡಗಳ ಜೊತೆ ಮೈದಾನದಲ್ಲೇ ತರಬೇತಿ, ಮುಗಿದ ಮೇಲೆ ವೈದ್ಯಕೀಯ ಕ್ಷೇತ್ರದ ಕೆಲಸ. ಕೇಳಲು ಚೆನ್ನಾಗಿದೆ. ತೊಂದರೆ ಶುರುವಾಗುವುದು ಆಮೇಲೆ. ಮನೆಯವರು ಇದನ್ನು ಜಿಮ್ ಟ್ರೇನರ್ ಕೆಲಸ ಎಂದುಕೊಳ್ಳುತ್ತಾರೆ. ಅರ್ಜಿ ಹಾಕಿಸುವ ಏಜೆಂಟರು ‘ಸ್ಪೋರ್ಟ್ಸ್ ಸೈನ್ಸ್ ಎಲ್ಲ ಒಂದೇ’ ಎಂದು ಯಾವುದೋ ಹತ್ತಿರದ ಹೆಸರಿನ ಕೋರ್ಸಿಗೆ ಸೇರಿಸಿಬಿಡುತ್ತಾರೆ. ಸಾಲ ಮಾಡಿ ಹೋಗಿ ಓದಿದ ಮೇಲೆ, ಕೈಯಲ್ಲಿರುವ ಪದವಿಯಿಂದ ವೃತ್ತಿ ಪರೀಕ್ಷೆಗೆ ಕೂರಲೂ ಬರುವುದಿಲ್ಲ ಎಂದು ತಿಳಿದರೆ ಆ ಕಷ್ಟ ಯಾರಿಗೂ ಬೇಡ.

ಆದ್ದರಿಂದ ಮೊದಲು ಕೆಲಸ ಏನೆಂದು ನೋಡೋಣ. ಕೋಚ್ ಆಟ ಕಲಿಸುತ್ತಾರೆ. ಸ್ಟ್ರೆಂತ್ ಕೋಚ್ ಮೈ ಗಟ್ಟಿ ಮಾಡಿಸುತ್ತಾರೆ. ಫಿಸಿಯೊಥೆರಪಿಸ್ಟ್ ಬಹುಪಾಲು ಕ್ಲಿನಿಕ್ಕಿನಲ್ಲಿದ್ದು, ಬಂದವರ ನೋವು ಮತ್ತು ಚಲನೆಯ ತೊಂದರೆ ನೋಡುತ್ತಾರೆ. ಅಥ್ಲೆಟಿಕ್ ಟ್ರೇನರ್ ತಂಡದ ಜೊತೆಯಲ್ಲೇ ಇರುತ್ತಾರೆ. ಗಾಯವಾಗದಂತೆ ನೋಡಿಕೊಳ್ಳುವುದು, ಆದಾಗ ಮೊದಲು ತಲುಪಿ ಪರೀಕ್ಷಿಸುವುದು, ಆಸ್ಪತ್ರೆಗೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು, ಮುಂದೆ ವಾರಗಟ್ಟಲೆ ಆರೈಕೆ ಮಾಡಿ ಮತ್ತೆ ಆಟಕ್ಕೆ ಇಳಿಸುವುದು, ಎಲ್ಲವೂ ಅವರದೇ. ಅಮೆರಿಕದಲ್ಲಿ ಇವರು ವೈದ್ಯರ ನಿರ್ದೇಶನದಲ್ಲಿ ಅಥವಾ ಅವರ ಸಹಯೋಗದಲ್ಲಿ ಕೆಲಸ ಮಾಡುವ ಆರೋಗ್ಯ ವೃತ್ತಿಪರರು.

ಪೆಟ್ಟಿಗೂ ಆಸ್ಪತ್ರೆಗೂ ನಡುವಿನ ಹೊತ್ತು

2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ಬಫಲೊ ಬಿಲ್ಸ್ ಮತ್ತು ಬೆಂಗಾಲ್ಸ್ ತಂಡಗಳ ನಡುವೆ ಅಮೆರಿಕನ್ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಎದುರಾಳಿಯನ್ನು ತಡೆದು ಕೆಡವಿದ ಬಿಲ್ಸ್ ಆಟಗಾರ ಡಾಮರ್ ಹ್ಯಾಮ್ಲಿನ್ ಎದ್ದು ನಿಂತವರೇ ಹಿಂದಕ್ಕೆ ಕುಸಿದರು. ಎದೆಗೆ ಬಿದ್ದ ಪೆಟ್ಟಿಗೆ ಹೃದಯ ನಿಂತುಹೋಗಿತ್ತು. ಓಡಿಬಂದು ಸಿಪಿಆರ್ ಕೊಟ್ಟವರು ತಂಡದ ಸಹಾಯಕ ಅಥ್ಲೆಟಿಕ್ ಟ್ರೇನರ್ ಡೆನ್ನಿ ಕೆಲಿಂಗ್ಟನ್. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಕೈಗೆ ಸಿಗುವಂತಿತ್ತು, ಆಂಬುಲೆನ್ಸ್ ಮೈದಾನಕ್ಕೇ ಬಂತು. ಹ್ಯಾಮ್ಲಿನ್ ಬದುಕಿದರು, ಅದೇ ವರ್ಷ ಮತ್ತೆ ಆಡಿದರು. ಇಂಥ ಹೊತ್ತಿನಲ್ಲಿ ಯಾರು ತಲೆಯ ಬಳಿ ಇರಬೇಕು, ಯಾರು ಯಂತ್ರ ತರಬೇಕು, ಆಂಬುಲೆನ್ಸ್ ಯಾವ ದಾರಿಯಲ್ಲಿ ಬರಬೇಕು ಎಂಬುದು ಪಂದ್ಯಕ್ಕೆ ಮೊದಲೇ ತೀರ್ಮಾನವಾಗಿರುತ್ತದೆ.

ಈ ವೃತ್ತಿಯ ಓದೆಲ್ಲ ಆ ಹೊತ್ತಿಗಾಗಿ. ಪ್ರತಿ ದಿನ ಹೃದಯ ನಿಲ್ಲುವುದಿಲ್ಲ, ದಿನದ ಕೆಲಸ ಉಳುಕು, ಸ್ನಾಯು ಸೆಳೆತ, ಟೇಪು, ವ್ಯಾಯಾಮ. ಆದರೂ ನೀವು ಕೋರ್ಸು ಆರಿಸುವಾಗ, ಕಲಿಯುವಾಗ, ಮುಂದೆ ಕೆಲಸ ಹುಡುಕುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ನಾನು ನನ್ನ ಕೈಯಿಂದ ಪರೀಕ್ಷಿಸಿ, ನನ್ನ ಬಾಯಿಂದ ತೀರ್ಮಾನ ಹೇಳುವ ಸಂದರ್ಭ ಎಷ್ಟು ಸಲ ಬರುತ್ತದೆ? ವಿಶ್ವವಿದ್ಯಾಲಯದ ಹೆಸರು, ಕಟ್ಟಡ, ಸ್ಟೇಡಿಯಂ ಎಲ್ಲಕ್ಕಿಂತ ಇದು ಮುಖ್ಯ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹಿನ್ನೆಲೆ ಇಷ್ಟು. ಈ ವೃತ್ತಿಯ ರಾಷ್ಟ್ರೀಯ ಸಂಘ 1950ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಹುಟ್ಟಿತು. 1990ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಇದನ್ನು ಆರೋಗ್ಯ ವೃತ್ತಿಯೆಂದು ಮಾನ್ಯ ಮಾಡಿತು. ಮೊದಲು ಪದವಿ ಮಟ್ಟದ ಓದು ಸಾಕಾಗುತ್ತಿತ್ತು. 2015ರಲ್ಲಿ ಇದು ಸ್ನಾತಕೋತ್ತರ ಮಟ್ಟಕ್ಕೇರಬೇಕೆಂದು ತೀರ್ಮಾನವಾಗಿ, 2022ರ ನಂತರ ಪದವಿ ಮಟ್ಟದ ಕೋರ್ಸುಗಳಿಗೆ ಹೊಸ ಪ್ರವೇಶ ನಿಂತಿತು. ಹಳೆಯ ಪುಸ್ತಕದಲ್ಲೋ ಹಳೆಯ ಪರಿಚಯದವರ ಬಾಯಲ್ಲೋ ‘ನಾಲ್ಕು ವರ್ಷದ ಡಿಗ್ರಿ ಸಾಕು’ ಎಂದು ಕೇಳಿದ್ದರೆ ಅದನ್ನು ಮರೆತುಬಿಡಿ.

ಸೇರುವ ಮೊದಲು

ವೃತ್ತಿ ಪರೀಕ್ಷೆ ನಡೆಸುವ ಮಂಡಳಿಯನ್ನು ಬಿಒಸಿ ಎನ್ನುತ್ತಾರೆ. ಕೋರ್ಸಿಗೆ ಮಾನ್ಯತೆ ಕೊಡುವ ಸಂಸ್ಥೆ ಸಿಎಎಟಿಇ. ಮಾನ್ಯತೆ ಇರುವ ಕೋರ್ಸು ಓದಿದವರಿಗೆ ಮಾತ್ರ ಪರೀಕ್ಷೆಗೆ ಕೂರುವ ಅರ್ಹತೆ. ಕೆನಡಾ, ಐರ್ಲೆಂಡ್, ಬ್ರಿಟನ್‌ನ ಸಂಬಂಧಪಟ್ಟ ಸಂಘಗಳವರಿಗೆ ಒಪ್ಪಂದದ ಮೇಲೆ ಬೇರೊಂದು ದಾರಿ ಇದೆ. ಭಾರತದ ಬಿಪಿಟಿಗೆ ಅಂಥ ದಾರಿ ಇಲ್ಲ. ನಿಮ್ಮ ಬಿಪಿಟಿ ಎಷ್ಟೇ ಒಳ್ಳೆಯ ಕಾಲೇಜಿನದಾದರೂ ಅಲ್ಲಿ ಮತ್ತೆ ಸ್ನಾತಕೋತ್ತರ ಓದಲೇಬೇಕು.

1. ಮಾನ್ಯತೆಯನ್ನು ನೀವೇ ನೋಡಿ. ಸಿಎಎಟಿಇ ತನ್ನ ಜಾಲತಾಣದಲ್ಲಿ ಮಾನ್ಯತೆ ಪಡೆದ ಕೋರ್ಸುಗಳ ಪಟ್ಟಿ ಹಾಕಿರುತ್ತದೆ, ಕೆಲವಕ್ಕೆ ‘ಪರಿವೀಕ್ಷಣೆಯಲ್ಲಿದೆ’ ಎಂಬ ಷರಾ ಕೂಡ ಇರುತ್ತದೆ. ಎಕ್ಸರ್ಸೈಜ್ ಸೈನ್ಸ್, ಕಿನೆಸಿಯಾಲಜಿ, ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಒಳ್ಳೆಯ ಓದುಗಳೇ. ಆದರೆ ಅವು ಈ ಪರೀಕ್ಷೆಗೆ ಒಯ್ಯುವುದಿಲ್ಲ.

2. ಮೂರು ವರ್ಷದ ಸರಾಸರಿ ಉತ್ತೀರ್ಣ ಪ್ರಮಾಣ ನೋಡಿ. ಪ್ರತಿ ಕೋರ್ಸೂ ಇದನ್ನು ಬಹಿರಂಗವಾಗಿ ಪ್ರಕಟಿಸಲೇಬೇಕು, ಮೊದಲ ಪ್ರಯತ್ನದಲ್ಲಿ ಎಷ್ಟು ಜನ ಪಾಸಾದರು ಎಂಬುದೂ ಅಲ್ಲೇ ಸಿಗುತ್ತದೆ. ಮೊದಲ ಪ್ರಯತ್ನದಲ್ಲೇ ಪಾಸಾದವರ ಮೂರು ವರ್ಷದ ಸರಾಸರಿ ಶೇಕಡ 70ಕ್ಕಿಂತ ಕೆಳಗಿಳಿಯಬಾರದು ಎಂಬುದು ಮಾನ್ಯತೆಯ ಷರತ್ತು. ಪಾಸಾದವರ ಪ್ರಮಾಣದ ಜೊತೆ, ಸೇರಿದವರಲ್ಲಿ ಓದು ಮುಗಿಸಿದವರೆಷ್ಟು ಎಂಬುದನ್ನೂ ನೋಡಿ. ಅರ್ಧದಲ್ಲೇ ಬಿಟ್ಟುಹೋದವರು ಹೆಚ್ಚಿದ್ದರೆ ಕಾರಣ ಕೇಳಿ.

3. ಹಿಂದೆ ಓದಿರಬೇಕಾದ ವಿಷಯಗಳು. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಮನಃಶಾಸ್ತ್ರ, ಅನಾಟಮಿ, ಫಿಸಿಯಾಲಜಿ, ಈ ಆರನ್ನೂ ಕಾಲೇಜು ಮಟ್ಟದಲ್ಲಿ ಓದಿರಬೇಕು. ನಮ್ಮವರು ಎಡವುವುದು ಇಲ್ಲೇ. ನಮ್ಮ ಪಿಯುಸಿ ಅವರ ಲೆಕ್ಕದಲ್ಲಿ ಹೈಸ್ಕೂಲು. ಬಿಪಿಟಿಯಲ್ಲಿ ಅನಾಟಮಿ, ಫಿಸಿಯಾಲಜಿ ಚೆನ್ನಾಗಿಯೇ ಇರುತ್ತವೆ, ಆದರೆ ಭೌತಶಾಸ್ತ್ರ, ರಸಾಯನಶಾಸ್ತ್ರ ಸಾಮಾನ್ಯವಾಗಿ ಬೇರೆ ಪೇಪರಾಗಿ ಇರುವುದಿಲ್ಲ. ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಇಲ್ಲ. ಅರ್ಜಿ ಹಾಕುವ ಒಂದು ವರ್ಷ ಮುಂಚೆಯೇ ನಿಮ್ಮ ಅಂಕಪಟ್ಟಿ ಮತ್ತು ಪಠ್ಯಕ್ರಮದ ಪ್ರತಿಯನ್ನು ಕೋರ್ಸಿನ ನಿರ್ದೇಶಕರಿಗೆ ಕಳಿಸಿ, ಯಾವುದು ಲೆಕ್ಕಕ್ಕೆ ಬರುತ್ತದೆ ಯಾವುದು ಬರುವುದಿಲ್ಲ ಎಂದು ಲಿಖಿತವಾಗಿ ಕೇಳಿ. ಮೂರು ವರ್ಷದ ಪದವಿಯನ್ನು ಒಪ್ಪದ ವಿಶ್ವವಿದ್ಯಾಲಯಗಳೂ ಇವೆ, ಅದನ್ನೂ ಆಗಲೇ ಕೇಳಿಬಿಡಿ.

4. ಯಾವ ತಂಡಗಳ ಜೊತೆ ಇರುತ್ತೀರಿ? ಕ್ಲಿನಿಕಲ್ ತರಬೇತಿಯ ಜಾಗಗಳ ಪಟ್ಟಿ ಕೇಳಿ. ವಿಶ್ವವಿದ್ಯಾಲಯದ ದೊಡ್ಡ ಫುಟ್‌ಬಾಲ್ ತಂಡ ಇದ್ದರೆ ಸಾಲದು. ಹೈಸ್ಕೂಲು, ಆರ್ಥೊಪೆಡಿಕ್ ಕ್ಲಿನಿಕ್ಕು, ಮಹಿಳಾ ತಂಡಗಳು, ಸಾಮಾನ್ಯ ವೈದ್ಯರ ಕ್ಲಿನಿಕ್ಕು ಎಲ್ಲ ಇರಬೇಕು. ದೊಡ್ಡ ತಂಡದಲ್ಲಿ ಸಿಬ್ಬಂದಿ ಹೆಚ್ಚು, ವಿದ್ಯಾರ್ಥಿಗೆ ನೀರಿನ ಬಾಟಲಿ ತುಂಬಿಸುವ ಕೆಲಸವೇ ಉಳಿದೀತು. ಹೈಸ್ಕೂಲಿನಲ್ಲಿ ಸಾಮಾನ್ಯವಾಗಿ ಒಬ್ಬರೇ ಟ್ರೇನರ್ ಇರುತ್ತಾರೆ, ಹೀಗಾಗಿ ಗಾಯವಾದ ಪ್ರತಿ ಮಗುವನ್ನೂ ನಿಮಗೆ ತೋರಿಸಿ ‘ಏನನ್ನಿಸುತ್ತದೆ ಹೇಳು’ ಎಂದು ಕೇಳುತ್ತಾರೆ.

5. ಓಡಾಟ. ಸಣ್ಣ ವಿಷಯ ಎನ್ನಿಸಬಹುದು, ಆದರೆ ವಿದೇಶಿ ವಿದ್ಯಾರ್ಥಿಗಳನ್ನು ತುಂಬ ಕಾಡುವುದು ಇದೇ. ತರಬೇತಿಯ ಜಾಗ ಕ್ಯಾಂಪಸ್ಸಿನಿಂದ ಅರ್ಧ ಗಂಟೆ ದೂರ, ಅಭ್ಯಾಸ ಬೆಳಗಿನ ಜಾವಕ್ಕೆ, ಬಸ್ಸಿಲ್ಲ. ಕಾರು ಓಡಿಸಲು ಕಲಿತೇ ಹೋಗಿ, ಕಾರಿನ ಖರ್ಚನ್ನೂ ಬಜೆಟ್ಟಿಗೆ ಸೇರಿಸಿ.

ಅರ್ಜಿಗಳು ಬಹುಪಾಲು ಎಟಿಸಿಎಎಸ್ ಎಂಬ ಒಂದೇ ಕಿಂಡಿಯ ಮೂಲಕ ಹೋಗುತ್ತವೆ. ಅಥ್ಲೆಟಿಕ್ ಟ್ರೇನರ್ ಒಬ್ಬರ ಕೆಲಸವನ್ನು ಇಂತಿಷ್ಟು ಗಂಟೆ ಹತ್ತಿರದಿಂದ ನೋಡಿರಬೇಕು ಎಂದು ಹಲವು ಕೋರ್ಸುಗಳು ಕೇಳುತ್ತವೆ. ನಮ್ಮಲ್ಲಿ ಆ ವೃತ್ತಿಯೇ ಇಲ್ಲವಾದ್ದರಿಂದ, ಕ್ರೀಡಾ ಫಿಸಿಯೊ ಒಬ್ಬರ ಜೊತೆ ಕಳೆದ ಸಮಯವನ್ನು ಒಪ್ಪುತ್ತಾರೆಯೇ ಎಂದು ವಿಚಾರಿಸಿ. ಲಸಿಕೆ ದಾಖಲೆ, ಪೊಲೀಸ್ ಹಿನ್ನೆಲೆ ಪರಿಶೀಲನೆ, ಸಿಪಿಆರ್ ಪ್ರಮಾಣಪತ್ರ ಸೇರಿದ ಮೇಲೆ ಬೇಕಾಗುತ್ತವೆ. ಕ್ಯಾಂಪಸ್ಸಿನ ಹೊರಗೆ ತರಬೇತಿ ಪಡೆಯಲು ವೀಸಾ ಪ್ರಕಾರ ಅನುಮತಿ ಬೇಕೇ ಎಂಬುದನ್ನು ಅಲ್ಲಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿಯೇ ಹೆಜ್ಜೆ ಇಡಿ.

ಕಲಿಯುವ ಬಗೆ

ಪರೀಕ್ಷೆಗೆ ಓದಿ ಬರೆದು ಬರುವ ಅಭ್ಯಾಸ ನಮಗೆ ಚೆನ್ನಾಗಿದೆ. ಈ ಕೋರ್ಸಿನಲ್ಲಿ ಅದೇ ಕೆಲವೊಮ್ಮೆ ಕಾಲಿಗೆ ತೊಡರುತ್ತದೆ. ಮಂಡಿಯ ಲಿಗಮೆಂಟುಗಳ ಹೆಸರು, ಅಂಟಿಕೊಂಡ ಜಾಗ ಎಲ್ಲ ಬಾಯಿಗೆ ಬರುತ್ತದೆ, ಆದರೆ ಒದ್ದಾಡುತ್ತಿರುವ ಹುಡುಗನ ಮಂಡಿಗೆ ಕೈ ಹಾಕಿದಾಗ ಏನೂ ತಿಳಿಯುವುದಿಲ್ಲ. ಯಾಕೆಂದರೆ ಸರಿಯಿರುವ ಮಂಡಿ ಕೈಗೆ ಹೇಗೆ ಸಿಗುತ್ತದೆ ಎಂಬುದೇ ಗೊತ್ತಿರುವುದಿಲ್ಲ.

ಆದ್ದರಿಂದ ಮೊದಲ ಸೆಮಿಸ್ಟರಿನಲ್ಲಿ ಸಿಕ್ಕ ಸಹಪಾಠಿಗಳೆಲ್ಲರ ಮಂಡಿಯನ್ನೂ ಪರೀಕ್ಷಿಸಿ. ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟು ಹರಿದಿದೆಯೇ ಎಂದು ನೋಡುವ ಲ್ಯಾಕ್‌ಮನ್ ಪರೀಕ್ಷೆಯಲ್ಲಿ ಮಂಡಿಯನ್ನು 20ರಿಂದ 30 ಡಿಗ್ರಿಯಷ್ಟು ಮಾತ್ರ ಮಡಿಸಿ, ಒಂದು ಕೈಯಲ್ಲಿ ತೊಡೆಯನ್ನು ಅಲುಗದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಕಣಕಾಲಿನ ಮೂಳೆಯನ್ನು ಮುಂದಕ್ಕೆ ಎಳೆಯಬೇಕು. ಸರಿಯಿದ್ದರೆ ಸ್ವಲ್ಪ ಜರುಗಿ ಟಕ್ಕನೆ ನಿಲ್ಲುತ್ತದೆ. ಹರಿದಿದ್ದರೆ ಆ ನಿಲುಗಡೆ ಮೆತ್ತಗಾಗಿರುತ್ತದೆ. ಈ ಟಕ್ಕನೆ ನಿಲ್ಲುವುದು ನಿಮ್ಮ ಬೆರಳಿಗೆ ಪರಿಚಯ ಆಗದಿದ್ದರೆ ಮೆತ್ತಗಿನದನ್ನು ಗುರುತಿಸುವುದು ಆಗದ ಮಾತು. ಕೆಲವರ ಕೀಲುಗಳು ಹುಟ್ಟಿನಿಂದಲೇ ಸಡಿಲ. ಅದಕ್ಕೇ ಗಾಯವಾದ ಕಾಲಿಗೆ ಕೈ ಹಾಕುವ ಮೊದಲು ಗಾಯವಾಗದ ಕಾಲನ್ನು ಪರೀಕ್ಷಿಸಬೇಕು. ಆಟಗಾರನಿಗೂ ನೀವು ಏನು ಮಾಡಲಿದ್ದೀರಿ ಎಂದು ಗೊತ್ತಾಗಿ ಸ್ನಾಯು ಬಿಗಿ ಹಿಡಿಯುವುದು ಕಡಿಮೆಯಾಗುತ್ತದೆ.

ಪಾದದ ಕೀಲು ಉಳುಕಿದಾಗಲೂ ಇದೇ ಶಿಸ್ತು. ಊದಿಕೊಂಡ ಪ್ರತಿ ಪಾದಕ್ಕೂ ಎಕ್ಸ್‌ರೇ ಬೇಕಾಗಿಲ್ಲ. ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಕೊಟ್ಟ ಸೂತ್ರ ಇಂದಿಗೂ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಕೀಲಿನ ಎರಡೂ ಪಕ್ಕದ ಮೂಳೆಗಂಟಿನ ತುದಿ ಮತ್ತು ಹಿಂಬದಿಯ ಅಂಚನ್ನು 6 ಸೆಂ.ಮೀ. ಮೇಲಿನವರೆಗೆ ಒತ್ತಿ ನೋಡಿ. ಕಿರುಬೆರಳಿನ ಸಾಲಿನ ಮೂಳೆಯ ಬುಡ ಮತ್ತು ಪಾದದ ಒಳಬದಿ ಕಮಾನಿನ ಮೇಲಿನ ದೋಣಿಯಾಕಾರದ ಮೂಳೆಯನ್ನು ಒತ್ತಿ ನೋಡಿ. ಪೆಟ್ಟು ಬಿದ್ದ ಕೂಡಲೇ ಮತ್ತು ಈಗ, ಎರಡೂ ಸಲ, ನಾಲ್ಕು ಹೆಜ್ಜೆ ಇಡಲು ಆಗುತ್ತಿಲ್ಲವೇ ಎಂದು ಕೇಳಿ. ಮೂಳೆಯ ಮೇಲೆ ನೋವಿದ್ದರೆ, ಅಥವಾ ಹೆಜ್ಜೆ ಇಡಲಾಗದಿದ್ದರೆ, ಎಕ್ಸ್‌ರೇಗೆ ಕಳಿಸಿ. ಊತ ಎಷ್ಟಿದೆ ಎಂಬುದು ಈ ಸೂತ್ರದಲ್ಲಿ ಇಲ್ಲವೇ ಇಲ್ಲ, ಗಮನಿಸಿ. ನೋಡುಗರನ್ನು ಹೆದರಿಸುವುದು ಊತ, ಆದರೆ ಮುರಿತದ ಸುಳಿವು ಕೊಡುವುದು ಬೆರಳ ತುದಿಯಿಂದ ಮೂಳೆ ಒತ್ತಿದಾಗ ಆಗುವ ನೋವು.

ಟೇಪು ಸುತ್ತುವುದು ಹೊರಗಿನಿಂದ ಸುಲಭವಾಗಿ ಕಾಣುತ್ತದೆ. ಪಾದವನ್ನು ಕಣಕಾಲಿಗೆ ನೇರ ಲಂಬವಾಗಿ ಹಿಡಿಸಿ ಸುತ್ತಬೇಕು. ಆಟಗಾರ ಮಾತಾಡುತ್ತಾ ಬೆರಳು ಕೆಳಗಿಳಿಸಿದ ಅಂದರೆ ನಿಮ್ಮ ಟೇಪು ಕೆಟ್ಟಿತು. ಸುತ್ತಿದ ಮೇಲೆ ಹೆಬ್ಬೆರಳ ಉಗುರು ಒತ್ತಿ ಬಿಡಿ, ಬಣ್ಣ ತಕ್ಷಣ ಮರಳಬೇಕು, ನಿಧಾನವಾದರೆ ಬಿಚ್ಚಿ ಮತ್ತೆ ಸುತ್ತಿ. ಇದಕ್ಕೆ ಓದುವುದೇನೂ ಇಲ್ಲ, ರೂಮ್‌ಮೇಟಿನ ಕಾಲು ಸಿಕ್ಕರೆ ಸಾಕು.

ಇನ್ನು ಜೀವಕ್ಕೆ ಸಂಬಂಧಿಸಿದ ಮಾತು. 2001ರಲ್ಲಿ ಮಿನ್ನೆಸೋಟ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಗರ್ ಬಿಸಿಲಿನ ಅಭ್ಯಾಸದ ನಂತರ ಮೈ ಕಾದು ಮರುದಿನ ತೀರಿಕೊಂಡರು. ಅವರ ಹೆಸರಿನ ಸಂಸ್ಥೆ 2010ರಿಂದ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಇಂಥ ಸಾವು ತಪ್ಪಿಸುವ ಕೆಲಸ ಮಾಡುತ್ತಿದೆ. ಆಟಗಾರ ದುಡಿಮೆಯ ನಡುವೆ ಕುಸಿದು, ಗಲಿಬಿಲಿಯಿಂದ ಏನೇನೋ ಮಾತಾಡುತ್ತಿದ್ದರೆ, ಒಳಮೈ ತಾಪ 40.5 ಡಿಗ್ರಿ ಸೆಲ್ಸಿಯಸ್ ಮೇಲಿದ್ದರೆ, ಅದು ಶಾಖಾಘಾತ. ಬಾಯಿ, ಕಂಕುಳು, ಕಿವಿ, ಹಣೆಯ ಥರ್ಮಾಮೀಟರುಗಳು ಇಲ್ಲಿ ಸುಳ್ಳು ಹೇಳುತ್ತವೆ. ಗುದದ್ವಾರದ ತಾಪವೇ ನಂಬಿಕೆಗೆ ಅರ್ಹ. ಆಸ್ಪತ್ರೆಗೆ ಹೊತ್ತೊಯ್ಯುವ ಮೊದಲು ಅಲ್ಲೇ ತಂಪು ಮಾಡಬೇಕು. ಮಂಜುಗಡ್ಡೆ ಹಾಕಿದ ನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ, ಕಂಕುಳ ಕೆಳಗೆ ಟವೆಲ್ ಹಾಯಿಸಿ ಹಿಂದಿನಿಂದ ಒಬ್ಬರು ಹಿಡಿದಿರಬೇಕು, ಇನ್ನೊಬ್ಬರು ನೀರು ಕಲಕುತ್ತಲೇ ಇರಬೇಕು. ಕಲಕದಿದ್ದರೆ ಮೈ ಸುತ್ತ ಬಿಸಿ ನೀರಿನ ಪದರ ನಿಂತುಬಿಡುತ್ತದೆ. ಅರ್ಧ ಗಂಟೆಯೊಳಗೆ ತಾಪ 39ರ ಕೆಳಗಿಳಿದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು. ತೊಟ್ಟಿ ಇಲ್ಲವೇ? ದೊಡ್ಡ ಟಾರ್ಪಾಲಿನ ಮೇಲೆ ಮಲಗಿಸಿ, ನಾಲ್ಕೂ ಅಂಚು ಎತ್ತಿ ಹಿಡಿದು ಮಂಜಿನ ನೀರು ಸುರಿಯಬಹುದು. ಆಂಬುಲೆನ್ಸಿಗೆ ಕರೆ ಅಷ್ಟರಲ್ಲೇ ಹೋಗಿರಬೇಕು. ಇದನ್ನು ವಿದ್ಯಾರ್ಥಿಯಾಗಿದ್ದಾಗಲೇ ಗೆಳೆಯರನ್ನು ಮಲಗಿಸಿ ಅಭ್ಯಾಸ ಮಾಡಿಕೊಳ್ಳಿ. ಯಾರು ಏನು ಹಿಡಿಯಬೇಕೆಂಬ ಗೊಂದಲದಲ್ಲೇ ಅಮೂಲ್ಯ ನಿಮಿಷಗಳು ಹೋಗಿಬಿಡುತ್ತವೆ.

ತಲೆಪೆಟ್ಟಿನ ನಿಯಮ ಇನ್ನೂ ಸರಳ: ಅನುಮಾನ ಬಂದರೆ ಅಂದು ಆ ಆಟಗಾರ ಮತ್ತೆ ಮೈದಾನಕ್ಕೆ ಇಳಿಯುವಂತಿಲ್ಲ. ತಲೆಗೆ ಪೆಟ್ಟಾದ ಮೇಲೂ ಆಡಿ ಜೀವಮಾನದ ಊನ ಅನುಭವಿಸಿದ ಬಾಲಕ ಝಾಕರಿ ಲಿಸ್ಟೆಡ್ಟ್ ಹೆಸರಿನಲ್ಲಿ ವಾಷಿಂಗ್ಟನ್ ರಾಜ್ಯ 2009ರಲ್ಲಿ ಕಾನೂನು ತಂದಿತು, ಆಮೇಲೆ ಉಳಿದ ರಾಜ್ಯಗಳೂ ತಂದವು. ಮರಳುವುದು ಮೆಟ್ಟಿಲು ಮೆಟ್ಟಿಲಾಗಿ, ಒಂದೊಂದು ಮೆಟ್ಟಿಲಿಗೆ ಕನಿಷ್ಠ 24 ಗಂಟೆ.

ತರಬೇತಿಯ ದಿನಗಳಲ್ಲಿ

ಈ ಓದಿನ ದೊಡ್ಡ ಭಾಗ ಹಿರಿಯ ಟ್ರೇನರ್ ಒಬ್ಬರ ಮೇಲ್ವಿಚಾರಣೆಯಲ್ಲಿ ನಡೆಯುತ್ತದೆ. ಅವರನ್ನು ಪ್ರಿಸೆಪ್ಟರ್ ಎನ್ನುತ್ತಾರೆ. ಕನಿಷ್ಠ ನಾಲ್ಕು ವಾರ ಬೇರೆ ಪಾಠವಿಲ್ಲದೆ ಪೂರ್ಣಾವಧಿ ಅವರ ಜೊತೆಯೇ ಇರುವ ಅವಧಿಯೂ ಕಡ್ಡಾಯ. ನಮ್ಮ ಹುಡುಗರು ಹಿರಿಯರೆದುರು ಸುಮ್ಮನೆ ನಿಂತಿರುವುದನ್ನು ಮರ್ಯಾದೆ ಎಂದು ತಿಳಿದಿರುತ್ತಾರೆ. ಅಲ್ಲಿ ಸುಮ್ಮನಿದ್ದರೆ ಆಸಕ್ತಿ ಇಲ್ಲ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಮೊದಲ ವಾರವೇ ಹೇಳಿಬಿಡಿ: ಈ ತಿಂಗಳು ಭುಜದ ಪರೀಕ್ಷೆಯಲ್ಲಿ ಕೈ ಕುದುರಬೇಕು, ಭುಜ ನೋವಿನವರು ಬಂದರೆ ಮೊದಲು ನಾನು ನೋಡಲೇ? ನೋಡಿದ ಮೇಲೆ ನಿಮ್ಮ ಅಂದಾಜು, ಅದಕ್ಕೆ ಕಾರಣ, ಮುಂದಿನ ಕ್ರಮ ಮೂರನ್ನೂ ಹೇಳಿ. ತಪ್ಪಾದರೂ ಚಿಂತೆಯಿಲ್ಲ. ತಿದ್ದಲೆಂದೇ ಅವರು ಪಕ್ಕದಲ್ಲಿದ್ದಾರೆ.

ನೋಡಿದ ಪ್ರತಿ ಗಾಯವನ್ನೂ ಅಂದೇ ಬರೆಯಿರಿ. ಆಟಗಾರ ಹೇಳಿದ್ದು, ನೀವು ಕಂಡದ್ದು, ನಿಮ್ಮ ತೀರ್ಮಾನ, ಮುಂದಿನ ಯೋಜನೆ, ಈ ನಾಲ್ಕು ಭಾಗದಲ್ಲಿ ದಾಖಲೆ ಇರಬೇಕು. ‘ಊತ ಇದೆ’ ಎಂದು ಬರೆದರೆ ನಾಳೆ ಅದು ಇಳಿದಿದೆಯೇ ಏರಿದೆಯೇ ಹೇಳಲಾಗುವುದಿಲ್ಲ. ಅಳತೆಪಟ್ಟಿಯಿಂದ ಅಳೆದು ಸುತ್ತಳತೆ ಬರೆಯಿರಿ, ಕೀಲು ಎಷ್ಟು ಡಿಗ್ರಿ ಬಾಗುತ್ತದೆ ಎಂದು ಗೋನಿಯೋಮೀಟರಿನಲ್ಲಿ ನೋಡಿ ಬರೆಯಿರಿ.

ಎಚ್ಚರಿಕೆ

ವಿದ್ಯಾರ್ಥಿ ವಿದ್ಯಾರ್ಥಿಯೇ. ‘ಇವತ್ತು ನಾನು ಬರುವುದಿಲ್ಲ, ನೀನೇ ತಂಡ ನೋಡಿಕೊ’ ಎಂದು ಯಾರಾದರೂ ಹೇಳಿದರೆ ವಿನಯದಿಂದ ಬೇಡ ಎನ್ನಿ. ಮೇಲ್ವಿಚಾರಕರಿಲ್ಲದೆ ಚಿಕಿತ್ಸೆ ಕೊಡುವ ಅಧಿಕಾರ ನಿಮಗಿಲ್ಲ. ಏನಾದರೂ ಆದರೆ ಆಟಗಾರನಿಗೂ ನಿಮಗೂ ಆಪತ್ತು.

ಆಟಗಾರರ ಗಾಯದ ವಿಷಯ ಖಾಸಗಿ. ಫೋಟೊ, ವಿಡಿಯೊ, ಸ್ಟೇಟಸ್ ಯಾವುದರಲ್ಲೂ ಬರಬಾರದು. ಊರಿನ ಗೆಳೆಯರ ಗುಂಪಿನಲ್ಲೂ ಹೇಳಬೇಡಿ.

ಕೋಚ್ ಒತ್ತಡ ಹಾಕುತ್ತಾರೆ, ಆಟಗಾರ ಬೇಡಿಕೊಳ್ಳುತ್ತಾನೆ, ಕೆಲವೊಮ್ಮೆ ತಂದೆ ತಾಯಿಯೇ ‘ಇದೊಂದು ಪಂದ್ಯ ಆಡಲಿ’ ಎನ್ನುತ್ತಾರೆ. ಅಂಥಲ್ಲಿ ನಿಮ್ಮ ನೆರವಿಗೆ ಬರುವುದು ಬರೆದಿಟ್ಟ ನಿಯಮ ಮತ್ತು ದಾಖಲೆ. ಬಾಯಿಮಾತಿನ ವಾದಕ್ಕೆ ಇಳಿಯಬೇಡಿ.

ಪರೀಕ್ಷೆ, ಪರವಾನಗಿ, ವೀಸಾ

ಬಿಒಸಿ ಪರೀಕ್ಷೆ ಕಂಪ್ಯೂಟರಿನಲ್ಲಿ, 175 ಪ್ರಶ್ನೆ, 4 ಗಂಟೆ. ಅಪಾಯ ತಗ್ಗಿಸುವುದು, ಪರೀಕ್ಷಿಸಿ ಗಾಯ ಗುರುತಿಸುವುದು, ತುರ್ತು ಸಂದರ್ಭ ನಿಭಾಯಿಸುವುದು, ಚಿಕಿತ್ಸೆ, ಆಡಳಿತ ಮತ್ತು ವೃತ್ತಿ ಹೊಣೆ ಎಂದು ಐದು ಭಾಗ. ಪ್ರಶ್ನೆಗಳು ಬಹುಪಾಲು ಒಂದು ಸನ್ನಿವೇಶ ಕೊಟ್ಟು ‘ಈಗ ಮೊದಲು ಏನು ಮಾಡುತ್ತೀರಿ’ ಎನ್ನುವ ಬಗೆಯವು. ನಾಲ್ಕು ಉತ್ತರವೂ ಸರಿಯಾಗಿರಬಹುದು, ಮೊದಲು ಮಾಡಬೇಕಾದದ್ದು ಒಂದೇ. ತರಬೇತಿಯಲ್ಲಿ ತೀರ್ಮಾನ ಹೇಳಿ ಹೇಳಿ ರೂಢಿಯಾದವರಿಗೆ ಇದು ಕಷ್ಟವಾಗುವುದಿಲ್ಲ. ಕೊನೆಯ ಸೆಮಿಸ್ಟರಿನಲ್ಲೇ ಕೂರಬಹುದು, ಕೂರಿ.

ಪಾಸಾದ ಮಾತ್ರಕ್ಕೆ ಕೆಲಸ ಶುರು ಮಾಡುವಂತಿಲ್ಲ. ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ ಆ ರಾಜ್ಯದ ಪರವಾನಗಿ ಅಥವಾ ನೋಂದಣಿ ಬೇಕು. ಬಹುಕಾಲದಿಂದ ಅಂಥ ಕಾನೂನಿಲ್ಲದೆ ಉಳಿದಿರುವುದು ಕ್ಯಾಲಿಫೋರ್ನಿಯಾ. ಮುಂದೆ ಪ್ರಮಾಣಪತ್ರ ಉಳಿಸಿಕೊಳ್ಳಲು ಎರಡು ವರ್ಷಕ್ಕೊಮ್ಮೆ 50 ಅಂಕದಷ್ಟು ಮುಂದುವರಿದ ಕಲಿಕೆಯ ಲೆಕ್ಕ ತೋರಿಸಬೇಕು.

ಈಗ ವಿದೇಶಿ ವಿದ್ಯಾರ್ಥಿಗಳು ತಪ್ಪದೆ ಲೆಕ್ಕ ಹಾಕಬೇಕಾದ ವಿಷಯ. ಎಫ್-1 ವಿದ್ಯಾರ್ಥಿ ವೀಸಾದವರಿಗೆ ಓದು ಮುಗಿದ ಮೇಲೆ ಒಪಿಟಿ ಎಂದು 12 ತಿಂಗಳು ಕೆಲಸ ಮಾಡುವ ಅವಕಾಶ. ಅದರೊಳಗೆ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಪರೀಕ್ಷೆ ತಡವಾದರೆ ಪರವಾನಗಿ ತಡ, ಪರವಾನಗಿ ತಡವಾದರೆ ಕೆಲಸ ತಡ. ಆ 90 ದಿನ ಮಾತ್ರ ಯಾರಿಗೂ ಕಾಯುವುದಿಲ್ಲ. ಹೀಗಾಗಿ ಪರೀಕ್ಷೆಯ ದಿನ, ಪರವಾನಗಿಗೆ ಬೇಕಾಗುವ ವಾರಗಳು, ಒಪಿಟಿ ಶುರುವಾಗುವ ತಾರೀಕು ಮೂರನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು ಹೊಂದಿಸಿ. ಒಪಿಟಿಗೆ ಕೋರ್ಸು ಮುಗಿಯುವ 90 ದಿನ ಮೊದಲಿನಿಂದಲೇ ಅರ್ಜಿ ಹಾಕಬಹುದು. ಆಮೇಲಿನ ಎಚ್-1ಬಿ ಉದ್ಯೋಗ ವೀಸಾದ ವಾರ್ಷಿಕ ಮಿತಿ ವಿಶ್ವವಿದ್ಯಾಲಯದ ನೌಕರಿಗೆ ಅನ್ವಯಿಸುವುದಿಲ್ಲ. ಕಾಲೇಜು ತಂಡದ ಕೆಲಸ ಹುಡುಕಲು ಇದೊಂದು ಕಾರಣ. ವೀಸಾ ನಿಯಮಗಳು ಮೇಲಿಂದ ಮೇಲೆ ಬದಲಾಗುತ್ತವೆ, ಪ್ರತಿ ಹಂತದಲ್ಲೂ ವಿಶ್ವವಿದ್ಯಾಲಯದ ಕಚೇರಿಯ ಮಾತೇ ಕೊನೆಯದಾಗಲಿ.

ಕೆಲಸ ಎಲ್ಲೆಲ್ಲಿ

ವೃತ್ತಿಪರ ತಂಡಗಳಲ್ಲಿ ಹುದ್ದೆ ಬಹಳ ಕಡಿಮೆ. ಹೆಚ್ಚಿನ ಕೆಲಸ ಇರುವುದು ಹೈಸ್ಕೂಲು, ಕಾಲೇಜು, ಕ್ಲಿನಿಕ್ಕು, ಆಸ್ಪತ್ರೆಗಳಲ್ಲಿ. ಸೇನೆ, ನೃತ್ಯ ತಂಡಗಳು, ಭಾರ ಎತ್ತುವ ಕೆಲಸಗಾರರಿರುವ ಕಾರ್ಖಾನೆ, ಗೋದಾಮುಗಳೂ ಈಗ ಇವರನ್ನು ನೇಮಿಸಿಕೊಳ್ಳುತ್ತವೆ. ಮೊದಲ ಕೆಲಸವಾಗಿ ಹೈಸ್ಕೂಲನ್ನು ಕೀಳಾಗಿ ಕಾಣಬೇಡಿ. ಸುತ್ತ ವೈದ್ಯರಿಲ್ಲದ ಕಡೆ ನೂರಾರು ಮಕ್ಕಳ ಹೊಣೆ ಹೊತ್ತು ದುಡಿದವರು ಮುಂದೆ ಎಲ್ಲಿ ಹೋದರೂ ಗಟ್ಟಿಯಾಗಿ ನಿಲ್ಲುತ್ತಾರೆ. ಆದರೆ ಸಂಜೆ, ಶನಿವಾರ, ಭಾನುವಾರ ಎಲ್ಲ ಪಂದ್ಯಕ್ಕೇ ಹೋಗುತ್ತವೆ. ಸಂದರ್ಶನದಲ್ಲಿ ಸಂಬಳದ ಜೊತೆ ಎಷ್ಟು ತಂಡ, ಇನ್ನೊಬ್ಬ ಟ್ರೇನರ್ ಇದ್ದಾರೆಯೇ, ನನ್ನ ವೈದ್ಯಕೀಯ ತೀರ್ಮಾನವನ್ನು ಕೋಚ್ ಬದಲಿಸಬಹುದೇ ಎಂದೂ ಕೇಳಿ. ಕೊನೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದರೆ ಆ ಕೆಲಸ ಬೇಡ.

ಸಾಮಾನ್ಯವಾಗಿ ಆಗುವ ತಪ್ಪುಗಳು

- ಗಂಟೆ ತುಂಬಿಸುವುದು. ತರಬೇತಿ ಗಂಟೆಗಳ ಲೆಕ್ಕ ಬೇಗ ಮುಗಿಸಲು ಹೊರಟರೆ ಕೈಗೆ ಏನೂ ಹತ್ತುವುದಿಲ್ಲ.
- ಯಂತ್ರದ ಮೋಹ. ಅಲ್ಟ್ರಾಸೌಂಡ್, ವಿದ್ಯುತ್ ಯಂತ್ರಗಳ ಬಟನ್ ಕಲಿತು, ವ್ಯಾಯಾಮದ ಪ್ರಗತಿ ಯೋಜಿಸಲು ಕಲಿಯದಿರುವುದು. ಆಟಗಾರ ಮರಳುವುದು ವ್ಯಾಯಾಮದಿಂದ.
- ಬಿಪಿಟಿ ಓದಿದ್ದೇನೆ ಎಂಬ ಉದಾಸೀನ. ಅನಾಟಮಿ ಗೊತ್ತಿದ್ದರೂ ಹೆಲ್ಮೆಟ್, ಭುಜಕವಚ ತೊಟ್ಟವನ ಕುತ್ತಿಗೆಗೆ ಪೆಟ್ಟಾದಾಗ ಏನು ಮಾಡಬೇಕೆಂಬುದು ಹೊಸ ಪಾಠವೇ.
- ಊರಿಗೆ ಮರಳುವ ಲೆಕ್ಕ ಹಾಕದಿರುವುದು. ಆ ಪ್ರಮಾಣಪತ್ರ ಭಾರತದಲ್ಲಿ ಫಿಸಿಯೊಥೆರಪಿ ಮಾಡುವ ಹಕ್ಕು ಕೊಡುವುದಿಲ್ಲ.

ಹೋಗಲಾಗದವರಿಗೆ

ಕೊನೆಯ ಆ ಮಾತಿಗೆ ಮರಳುತ್ತೇನೆ. ಕರ್ನಾಟಕದಲ್ಲೇ ದುಡಿಯಬೇಕೆಂಬ ಮನಸ್ಸಿದ್ದರೆ ಸಾಲ ಮಾಡಿ ಅಮೆರಿಕಕ್ಕೆ ಹೋಗುವುದಕ್ಕಿಂತ ಬಿಪಿಟಿ, ಆಮೇಲೆ ಕ್ರೀಡಾ ವಿಭಾಗದ ಎಂಪಿಟಿ ಮಾಡುವುದು ಒಳ್ಳೆಯದು. ಇಲ್ಲಿ ಫಿಸಿಯೊಥೆರಪಿಗೆ 2021ರ ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆಯಡಿ ಮಾನ್ಯತೆ ಇದೆ. ತರಬೇತುದಾರರಾಗುವ ಇರಾದೆ ಇದ್ದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಬೇರೆಯದೇ ದಾರಿ. ಬೆಂಗಳೂರಿನಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರ, ಬಳ್ಳಾರಿ ಜಿಲ್ಲೆಯ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇಂಥ ಕಡೆ ಕ್ರೀಡಾ ವಿಜ್ಞಾನದವರ ಕೆಲಸ ಹೇಗಿರುತ್ತದೆ ಎಂದು ನೋಡಲು ಅನುಮತಿ ಕೇಳಿ.

ಹೋಗುವವರಿಗೂ ಇಲ್ಲೇ ಉಳಿಯುವವರಿಗೂ ಕೈ ಪಳಗಲು ಬೇಕಾದಷ್ಟು ಜಾಗ ನಮ್ಮಲ್ಲೇ ಇದೆ. ಕೊಡವ ಕುಟುಂಬಗಳ ಹಾಕಿ ಹಬ್ಬ, ತಾಲ್ಲೂಕು ಮಟ್ಟದ ಕಬಡ್ಡಿ, ಶಾಲಾ ಕ್ರೀಡಾಕೂಟ, ಎಲ್ಲ ಕಡೆ ಗಾಯವಾಗುತ್ತದೆ. ನಿಮ್ಮ ಕಾಲೇಜಿನ ಅಧ್ಯಾಪಕರೊಬ್ಬರನ್ನು ಜೊತೆಗೆ ಕರೆದುಕೊಂಡು ಸಂಘಟಕರ ಬಳಿ ಹೋಗಿ ನೆರವಾಗುತ್ತೇವೆ ಎನ್ನಿ. ಹೋದ ಕೂಡಲೇ ಕೇಳಬೇಕಾದ್ದು ಮೂರು: ಹತ್ತಿರದ ಎಇಡಿ ಎಲ್ಲಿದೆ, ಆಂಬುಲೆನ್ಸ್ ಯಾವ ಗೇಟಿನಿಂದ ಒಳಗೆ ಬರುತ್ತದೆ, 108ಕ್ಕೆ ಫೋನ್ ಮಾಡುವವರು ಯಾರು? ಉತ್ತರ ಸಿಗದಿದ್ದರೆ ಪಂದ್ಯ ಶುರುವಾಗುವ ಮೊದಲೇ ಕೂತು, ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಅಂಪೈರ್ ಮೇಜಿನ ಮೇಲೆ ಅಂಟಿಸಿ.